ಕೊಟ್ಟಿಗೆಯಲ್ಲೇ ಇದೆ ಉರುವಲು

ದ್ವೀಪಗಳಿಗೆ ಎಣ್ಣೆ ಹೊರಗಿನಿಂದಲೇ ಬರಬೇಕು. ಡೆನ್ಮಾರ್ಕಿನ ಸಾಮ್ಸೊ ದ್ವೀಪದ ರೈತರು 1997ರಿಂದೀಚೆಗೆ ಗಾಳಿಯಂತ್ರ ನಿಲ್ಲಿಸಿ, ಒಣಹುಲ್ಲು ಉರಿಸಿ ಮನೆ ಬೆಚ್ಚಗಿಟ್ಟು ಆ ಹಂಗನ್ನು ಬಹುಮಟ್ಟಿಗೆ ಕಳೆದುಕೊಂಡರು.

ನಮ್ಮ ಸೇರ್ವರಾಯನ್, ಸಿತ್ತೇರಿ ಬೆಟ್ಟದ ಹಳ್ಳಿಗಳೂ ದ್ವೀಪಗಳಂತೆಯೇ: ಡೀಸೆಲ್, ಸಿಲಿಂಡರು ಕೆಳಗಿನಿಂದ ಏರಬೇಕು. ಇಲ್ಲಿ ನಮಗೆ ಗೋಬರ್ ಗ್ಯಾಸ್ ಒಳ್ಳೆಯ ಆಸರೆ. ನಾಲ್ಕೈದು ದನಗಳ ದಿನದ 50 ಕಿಲೋ ಸೆಗಣಿಗೆ ಅಷ್ಟೇ ನೀರು ಬೆರೆಸಿ ತೊಟ್ಟಿಗೆ ಹಾಕಿದರೆ ಸುಮಾರು 2 ಘನ ಮೀಟರ್ ಅನಿಲ ಸಿಗುತ್ತದೆ. ಐದಾರು ಮಂದಿಯ ಅಡುಗೆಗೆ ಸಾಕು. ಹೊರಬರುವ ಬಗ್ಗಡ ಹೊಲಕ್ಕೆ ಗೊಬ್ಬರ. ಬೆರಣಿ ಉರಿಸಿದರೆ ಆ ಸತ್ವವೂ ನಷ್ಟ.

ಒಲೆಯ ಹೊಗೆ ತಾಯಂದಿರ ಕಣ್ಣು, ಶ್ವಾಸಕೋಶಗಳನ್ನು ಕೆಡಿಸುತ್ತದೆ; ಎಳೆಮಕ್ಕಳಿಗೆ ನ್ಯುಮೋನಿಯಾ ತರುತ್ತದೆ.

ಎಚ್ಚರಿಕೆ: ತೊಟ್ಟಿಯೊಳಗೆ ಯಾರೂ ಇಳಿಯಬಾರದು, ವಿಷಗಾಳಿ ಪ್ರಾಣ ತೆಗೆದೀತು. ಸಹಾಯಧನದ ಬಗ್ಗೆ ಬಿ.ಡಿ.ಓ. ಕಚೇರಿಯಲ್ಲಿ ವಿಚಾರಿಸೋಣ.