ಇಸಾಕನ ಬಾವಿಗಳು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು ನಮ್ಮ ವಿಜಯಪುರದ ಗಡಿಗೆ ಹೊಂದಿಕೊಂಡಿದೆ. ಪೂರ್ವಭಾಗದ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡವೇ. ಮಳೆ ಕಡಿಮೆ, ಬರ ಬಿದ್ದ ವರ್ಷ ಟ್ಯಾಂಕರ್ ನೀರಿಗೆ ಕೊಡಗಳ ಸಾಲು.

ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಇಲ್ಲಿಯ ಹಲವು ಗ್ರಾಮಗಳು 2012ರಲ್ಲಿ ಪಟ್ಟು ಹಿಡಿದವು. 2022ರ ಕೊನೆಗೆ ಅದು ಎರಡು ರಾಜ್ಯಗಳ ಜಗಳವೇ ಆಯಿತು. ಆಗ ನಮ್ಮ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕ್ಕುಂಡಿಯ ಕೆರೆಗೆ ಹರಿಯಿತು. ಮಹಾರಾಷ್ಟ್ರವೂ ಮ್ಹೈಸಾಳ ಯೋಜನೆ ವಿಸ್ತರಿಸಲು ಮುಂದಾಯಿತು. ನಡುವೆ ಹತ್ತು ವರ್ಷ! ಅಷ್ಟರಲ್ಲಿ ಅಲ್ಲಿಯ ತಾಯಂದಿರು ಹೊತ್ತ ಕೊಡಗಳನ್ನು ಲೆಕ್ಕ ಇಟ್ಟವರಾರು?

ಮಗನ ಕೆಲಸ, ಗಂಡನ ಕುಡಿತ, ತೀರದ ಸಾಲ ಎಂದು ಒಂಬತ್ತು ದಿನ ನವೇನ ಮಾಡಿ ಹತ್ತನೆಯ ದಿನ ದೇವರ ಮೇಲೆ ಮುನಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯೇನಲ್ಲ. ಅಂಥ ದಿನ ಆದಿಕಾಂಡದ 26ನೇ ಅಧ್ಯಾಯ ತೆರೆಯೋಣ. ತಂದೆ ಅಬ್ರಹಾಮನ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ತುಂಬಿದ್ದರು. ಇಸಾಕ ಮತ್ತೆ ಅಗೆಸಿದ. ಹೊಸ ಬಾವಿಯಲ್ಲಿ ನೀರು ಸಿಕ್ಕಿದ್ದೇ ತಡ, ಗೆರಾರಿನ ಕುರುಬರು ಜಗಳಕ್ಕೆ ನಿಂತರು. ಇನ್ನೊಂದು ತೋಡಿಸಿದ, ಅದಕ್ಕೂ ತಕರಾರು. ಜಗಳ ಬಿಟ್ಟ, ತೋಡುವುದನ್ನು ಬಿಡಲಿಲ್ಲ. ಆಶೀರ್ವದಿಸುವೆನೆಂದು ದೇವರು ಮೊದಲೇ ಮಾತು ಕೊಟ್ಟಿದ್ದರೂ ಗುದ್ದಲಿ ಅವನ ಮನೆಯವರದೇ. ಮುಂದಿನ ಬಾವಿಗೆ ಯಾರೂ ಅಡ್ಡ ಬರಲಿಲ್ಲ. ಅಲ್ಲಿಂದ ಬೇರ್ಷೆಬಕ್ಕೆ ಹೋದವನು ಬಲಿಪೀಠ ಕಟ್ಟಿ ಪ್ರಾರ್ಥಿಸಿದ, ಗುಡಾರ ಹಾಕಿದ. ಆಳುಗಳು ಅಲ್ಲಿಯೂ ಒಂದು ಬಾವಿ ಅಗೆಯತೊಡಗಿದರು.