ಪರಿಸರ ಜೀವರಸಾಯನ ಶಾಸ್ತ್ರ: ಆಸಕ್ತಿ ಒಂದು, ದಾರಿ ಎರಡು

2015ರ ಮೇ ತಿಂಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿಕೊಂಡಾಗ ಜನ ಬೆರಗಾದರು. ನೀರು ಬೆಂಕಿಯನ್ನು ಆರಿಸುತ್ತದೆ ಎಂದು ಶಾಲೆಯಲ್ಲಿ ಕಲಿತವರಿಗೆ ನೀರಿನ ಮೇಲೆಯೇ ಬೆಂಕಿ ಕಾಣಿಸಿತು. 2017 ಮತ್ತು 2018ರಲ್ಲಿಯೂ ಆ ಕೆರೆಯಲ್ಲಿ ಬೆಂಕಿ ಎದ್ದಿತು. ಇದು ಪವಾಡವೇನಲ್ಲ. ಶುದ್ಧೀಕರಿಸದ ಚರಂಡಿ ನೀರಿನೊಂದಿಗೆ ಬಂದ ಮಾರ್ಜಕಗಳು ನೊರೆ ಎಬ್ಬಿಸುತ್ತವೆ. ಅದೇ ನೀರಿನಲ್ಲಿರುವ ಫಾಸ್ಫೇಟ್ ಕಳೆಗಿಡಗಳಿಗೆ ಗೊಬ್ಬರವಾಗುತ್ತದೆ. ಆಮ್ಲಜನಕ ತಲುಪದ ತಳದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ.

ಈ ಮೂರು ಸಂಗತಿಗಳಲ್ಲಿ ಮೊದಲನೆಯದು ರಸಾಯನ ಶಾಸ್ತ್ರ. ಉಳಿದೆರಡು ಜೀವಿಗಳ ಒಳಗೆ ನಡೆಯುವ ರಸಾಯನ ಶಾಸ್ತ್ರ. ಇವೆರಡೂ ಸೇರುವ ಜಾಗವೇ ಪರಿಸರ ಜೀವರಸಾಯನ ಶಾಸ್ತ್ರ. ನೀರು, ಮಣ್ಣು, ಗಾಳಿಗೆ ಸೇರಿದ ವಸ್ತುಗಳು ಜೀವಿಗಳನ್ನು ಏನು ಮಾಡುತ್ತವೆ, ಜೀವಿಗಳು ಆ ವಸ್ತುಗಳನ್ನು ಏನು ಮಾಡುತ್ತವೆ ಎಂಬುದೇ ಇದರ ವಿಷಯ.

ಒಂದು ಬಾಟಲಿ ನೀರಿನ ಪರೀಕ್ಷೆ

ಈ ಕೆಲಸ ಹೇಗಿರುತ್ತದೆ? ಒಂದು ಉದಾಹರಣೆ ನೋಡೋಣ. ಹೊಳೆಯ ನೀರು ಎಷ್ಟು ಕೆಟ್ಟಿದೆ ಎಂದು ತಿಳಿಯಲು ಮಾಡುವ ಮುಖ್ಯ ಪರೀಕ್ಷೆಗೆ ಬಿ.ಓ.ಡಿ. ಎಂದು ಹೆಸರು. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ಆಮ್ಲಜನಕವನ್ನು ಬಳಸುತ್ತವೆ. ಕೊಳೆ ಹೆಚ್ಚಿದ್ದಷ್ಟೂ ಆಮ್ಲಜನಕ ಬೇಗ ಮುಗಿಯುತ್ತದೆ, ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಪರೀಕ್ಷಕರು ನೀರನ್ನು ಗಾಳಿಗುಳ್ಳೆ ಉಳಿಯದಂತೆ ಬಾಟಲಿಗೆ ತುಂಬುತ್ತಾರೆ. ಕರಗಿರುವ ಆಮ್ಲಜನಕವನ್ನು ಮೊದಲ ದಿನವೇ ಅಳೆಯುತ್ತಾರೆ. ಅದೇ ನೀರಿನ ಇನ್ನೊಂದು ಬಾಟಲಿಯನ್ನು ಕತ್ತಲೆಯಲ್ಲಿ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ದಿನ ಇಟ್ಟು ಮತ್ತೆ ಅಳೆಯುತ್ತಾರೆ. ಲೀಟರಿಗೆ 8 ಮಿಲಿಗ್ರಾಂ ಇದ್ದದ್ದು 2ಕ್ಕೆ ಇಳಿದಿದ್ದರೆ ಬಿ.ಓ.ಡಿ. 6. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಇದು 3ನ್ನು ಮೀರಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ ಪಿ.ಯು.ಸಿ. ಪ್ರಯೋಗಾಲಯದ ಟೈಟ್ರೇಷನ್‌ನ ಹತ್ತಿರದ ಬಂಧು. ಬ್ಯೂರೆಟ್, ಸೋಡಿಯಂ ಥಯೋಸಲ್ಫೇಟ್ ದ್ರಾವಣ, ಸ್ಟಾರ್ಚ್ ಇಷ್ಟೇ ಅಲ್ಲಿ ಕಾಣುವುದು. ನೀಲಿ ಬಣ್ಣ ಮಾಯವಾದ ಕ್ಷಣವನ್ನು ಗುರುತಿಸಬೇಕು. ಆದರೆ ಕಾಲೇಜಿನಲ್ಲಿ ಒಂದು ಹನಿ ಹೆಚ್ಚಾದರೆ ಅರ್ಧ ಅಂಕ ಹೋಗುತ್ತದೆ. ಇಲ್ಲಿ ಆ ಅಂಕಿಯ ಆಧಾರದ ಮೇಲೆ ಕಾರ್ಖಾನೆಯೊಂದಕ್ಕೆ ನೋಟಿಸ್ ಹೋಗಬಹುದು. 1974ರ ಜಲ ಮಾಲಿನ್ಯ ಕಾಯಿದೆಯ ಪ್ರಕಾರ ಸರ್ಕಾರಿ ವಿಶ್ಲೇಷಕರ ವರದಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ. ಆದ್ದರಿಂದ ಕೈಯ ಶಿಸ್ತು ಮತ್ತು ಪ್ರಾಮಾಣಿಕತೆ ಈ ವೃತ್ತಿಯ ಮೊದಲ ಅರ್ಹತೆಗಳು.

ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕುದಲ್ಲ. ನೀರಿನ ಬಣ್ಣ, ರುಚಿಯಿಂದ ಇದು ತಿಳಿಯುವುದಿಲ್ಲ, ಅಳೆದೇ ತಿಳಿಯಬೇಕು. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಔಷಧಿ ಸಿಂಪಡಿಸುವ ರೈತನ ರಕ್ತದಲ್ಲಿ ಈ ಕಿಣ್ವದ ಮಟ್ಟ ನೋಡಿ ಅಪಾಯವನ್ನು ಅರಿಯಬಹುದು.

ಎಲ್ಲಿದೆ ಕೆಲಸ?

ಮಾಲಿನ್ಯ ನಿಯಂತ್ರಣ ಮಂಡಳಿಗಳ ಪ್ರಯೋಗಾಲಯಗಳು, ಗ್ರಾಮೀಣ ಕುಡಿಯುವ ನೀರಿನ ಪರೀಕ್ಷಾಲಯಗಳು, ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳು, ಔಷಧ ಮತ್ತು ಸಕ್ಕರೆ ಕಾರ್ಖಾನೆಗಳ ತ್ಯಾಜ್ಯ ನೀರಿನ ಘಟಕಗಳು ಇವೆಲ್ಲಕ್ಕೂ ವಿಶ್ಲೇಷಕರು ಬೇಕು. ಸಂಶೋಧನೆಯಲ್ಲಿ ಆಸಕ್ತಿ ಇದ್ದವರಿಗೆ ನಾಗಪುರದ ನೀರಿ, ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಗಳಿವೆ. ನಮ್ಮ ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲದೆ ಮೈಸೂರು, ಕುವೆಂಪು, ಗುಲ್ಬರ್ಗ ವಿಶ್ವವಿದ್ಯಾಲಯಗಳ ವಿಜ್ಞಾನ ವಿಭಾಗಗಳೂ ಇವೆ.

ಸಂಶೋಧನೆ ಮತ್ತು ಬೋಧನೆ ಎರಡರಲ್ಲೂ ಹೆಸರು ಮಾಡಿದವರು ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿ. ಕಚ್ಚಾ ತೈಲವನ್ನು ಒಡೆಯುವ ಬ್ಯಾಕ್ಟೀರಿಯಾವನ್ನು ಅವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದಾಗ ರೂಪಿಸಿದರು. ಜೀವಿಯೊಂದಕ್ಕೆ ಪೇಟೆಂಟ್ ಕೊಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1980ರಲ್ಲಿ ಅವರ ಮೊಕದ್ದಮೆಯಲ್ಲೇ ತೀರ್ಪು ನೀಡಿತು. ಮುಂದೆ ಅವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಎಂ.ಎಸ್ಸಿ. ಆಯ್ಕೆಯೇ ಕವಲುದಾರಿ

ವಿದ್ಯಾರ್ಥಿಗಳು ಎಡವುವುದು ಇಲ್ಲೇ. 'ಪರಿಸರದ ಕೆಲಸವನ್ನೂ ಮಾಡುತ್ತೇನೆ, ಬೇಡವೆನಿಸಿದರೆ ಕೆಮಿಸ್ಟ್ರಿ ಲೆಕ್ಚರರ್ ಆಗುತ್ತೇನೆ' ಎಂದು ಲೆಕ್ಕ ಹಾಕಿ ಪರಿಸರ ವಿಜ್ಞಾನದಲ್ಲೋ ಜೀವರಸಾಯನದಲ್ಲೋ ಎಂ.ಎಸ್ಸಿ. ಸೇರುವವರಿದ್ದಾರೆ. ಆದರೆ ಅಧ್ಯಾಪಕ ಹುದ್ದೆಗೆ ಆಯಾ ವಿಷಯದ ಸ್ನಾತಕೋತ್ತರ ಪದವಿಯನ್ನು ಕೇಳುತ್ತಾರೆ. ಅರ್ಹತಾ ಪರೀಕ್ಷೆಯೂ ಬೇರೆ ಬೇರೆ: ರಸಾಯನ ಶಾಸ್ತ್ರದವರಿಗೆ ಸಿ.ಎಸ್.ಐ.ಆರ್. ನೆಟ್‌ನ ರಸಾಯನ ವಿಜ್ಞಾನ ಪತ್ರಿಕೆ, ಜೀವರಸಾಯನದವರಿಗೆ ಜೀವ ವಿಜ್ಞಾನ ಪತ್ರಿಕೆ, ಪರಿಸರ ವಿಜ್ಞಾನದವರಿಗೆ ಯು.ಜಿ.ಸಿ. ನೆಟ್.

ಆದ್ದರಿಂದ ವಿಶ್ವವಿದ್ಯಾಲಯದಲ್ಲಿ ರಸಾಯನ ಶಾಸ್ತ್ರ ಕಲಿಸುವ ಆಸೆ ಗಟ್ಟಿಯಾಗಿದ್ದರೆ ಎಂ.ಎಸ್ಸಿ.ಯನ್ನು ರಸಾಯನ ಶಾಸ್ತ್ರದಲ್ಲೇ ಮಾಡಿ, ಪರಿಸರದ ವಿಷಯವನ್ನು ಪಿಎಚ್.ಡಿ.ಗೆ ಇಟ್ಟುಕೊಳ್ಳುವುದು ಜಾಣತನ. ಎಚ್.ಪಿ.ಎಲ್.ಸಿ., ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಂಥ ಉಪಕರಣಗಳನ್ನು ಬಲ್ಲ ರಸಾಯನ ವಿದ್ಯಾರ್ಥಿಗೆ ಪರಿಸರ ಪ್ರಯೋಗಾಲಯದ ಬಾಗಿಲು ತೆರೆದೇ ಇರುತ್ತದೆ. ಇದರ ತಿರುಗುಮುರುಗು ಪ್ರಯಾಣ ಕಷ್ಟ. ಜೀವಿಗಳ ಬಗೆಗೇ ಕುತೂಹಲ ಹೆಚ್ಚಿದ್ದರೆ ಅಳುಕದೆ ಜೀವರಸಾಯನವನ್ನು ಆರಿಸಿಕೊಳ್ಳಬಹುದು. ಅಲ್ಲಿಯೂ ಬೋಧನೆಗೆ ಅದರದೇ ವಿಭಾಗಗಳಿವೆ.

ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎಸ್ಸಿ.ಯಲ್ಲಿ ಕನಿಷ್ಠ ಶೇ. 55 ಅಂಕ ಬೇಕು. ಮೀಸಲು ವರ್ಗಗಳಿಗೆ ಶೇ. 5ರ ರಿಯಾಯಿತಿ ಇದೆ. ಜೊತೆಗೆ ನೆಟ್ ಅಥವಾ ಕೆ-ಸೆಟ್ ಕನಿಷ್ಠ ಅರ್ಹತೆ ಎಂದು ಯು.ಜಿ.ಸಿ. 2023ರ ಜುಲೈ 1ರಿಂದ ತಿದ್ದುಪಡಿ ತಂದಿತು. ಆದರೂ ವಿಶ್ವವಿದ್ಯಾಲಯದಲ್ಲಿ ಮುಂದೆ ಬರಲು ಪಿಎಚ್.ಡಿ. ಬೇಕೇಬೇಕು. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಓದಿಕೊಳ್ಳಬೇಕು.

ಪೋಷಕರಿಗೆ ಎರಡು ಮಾತು

ಈ ಹಾದಿ ಚಿಕ್ಕದಲ್ಲ. ಬಿ.ಎಸ್ಸಿ., ಎಂ.ಎಸ್ಸಿ.ಗೆ ಐದು ವರ್ಷ, ಪಿಎಚ್.ಡಿ.ಗೆ ಮತ್ತೆ ನಾಲ್ಕೈದು ವರ್ಷ. ಓರಗೆಯ ಎಂಜಿನಿಯರ್‌ಗಳು ಮನೆ ಕಟ್ಟಿಸುವ ಹೊತ್ತಿಗೆ ನಿಮ್ಮ ಮಗ ಅಥವಾ ಮಗಳು ಇನ್ನೂ ಪ್ರಯೋಗಾಲಯದಲ್ಲೇ ಇರಬಹುದು. ನೆಟ್‌ನಲ್ಲಿ ಜೆ.ಆರ್.ಎಫ್. ದೊರೆತರೆ ಅಷ್ಟು ಚಿಂತೆಯಿಲ್ಲ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ. ಖಾಯಂ ಸಹಾಯಕ ಪ್ರಾಧ್ಯಾಪಕರ ಯು.ಜಿ.ಸಿ. ಮೂಲ ವೇತನ 57,700 ರೂಪಾಯಿಯಿಂದ ಆರಂಭವಾಗುತ್ತದೆ. ಆದರೆ ಖಾಯಂ ನೇಮಕಾತಿ ಬಲು ನಿಧಾನ. ಅತಿಥಿ ಉಪನ್ಯಾಸಕರಾಗಿಯೇ ವರ್ಷಗಟ್ಟಲೆ ದುಡಿಯುತ್ತಿರುವವರು ರಾಜ್ಯದಲ್ಲಿ ಸಾವಿರಾರು ಮಂದಿ. ಅದಕ್ಕಾಗಿಯೇ ಪ್ರಯೋಗಾಲಯದ ಕೈಗಾರಿಕೆಯೂ ಗೊತ್ತಿರಬೇಕು. ಬೋಧನೆಯ ಬಾಗಿಲು ತೆರೆಯುವವರೆಗೆ ವಿಶ್ಲೇಷಕನ ಕೆಲಸ ಅನ್ನ ಕೊಡುತ್ತದೆ.

ಸಿ.ಇ.ಟಿ. ರ್‍ಯಾಂಕ್ ಕೈಕೊಟ್ಟಿತೆಂದು ಮಾತ್ರ ಮಕ್ಕಳನ್ನು ಬಿ.ಎಸ್ಸಿ.ಗೆ ದೂಡುವುದು ಸರಿಯಲ್ಲ. ಹಾಗೆಯೇ, ಊರ ಕೆರೆಯ ನೀರು ಏಕೆ ಹಸಿರಾಯಿತು ಎಂದು ಕೇಳುವ ಮಗುವನ್ನು ಒತ್ತಾಯದಿಂದ ಬೇರೆಡೆಗೆ ಕಳಿಸುವುದೂ ಸರಿಯಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವವರೂ, ಹುಡುಕುವುದನ್ನು ಕಲಿಸುವವರೂ ನಾಡಿಗೆ ಬೇಕಾಗಿದ್ದಾರೆ.