ಹೊಸ ಬಾಗಿಲ ಸಂದಿನ ಗಾಳಿ: ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆದಿಡಬೇಕು?



ದಮ್ಮು, ಕೆಮ್ಮು ಎಂದು ಆಸ್ಪತ್ರೆಗೆ ಬಂದವರು ಚೇತರಿಸಿಕೊಂಡು ಮನೆಗೆ ಹೋಗುತ್ತಾರೆ. ಕೆಲವರಿಗೆ ಮನೆಯಲ್ಲಿ ನಾಲ್ಕು ರಾತ್ರಿ ಮಲಗುವಷ್ಟರಲ್ಲಿ ಮತ್ತೆ ಉಬ್ಬಸ ಶುರುವಾಗುತ್ತದೆ. ಆಗ ಔಷಧಿ ತಪ್ಪಿಸಿದ್ದಾರೆಯೇ ಎಂದು ನೋಡುವುದರ ಜೊತೆಗೆ, ರೋಗಿಯ ಹಾಸಿಗೆಯ ಕಡೆಗೆ ಗಾಳಿ, ಧೂಳು ಎಲ್ಲಿಂದ ಬರುತ್ತಿದೆ ಎಂದೂ ನೋಡಿ. ಹೊಸದಾಗಿ ಹಾಕಿಸಿದ ಬಾಗಿಲೇ ಅದಕ್ಕೆ ದಾರಿಯಾಗಿರಬಹುದು.

ಈ ಗಾಳಿಯಿಂದ ಏನು ತೊಂದರೆ?

ನೆಗಡಿ ಬರುವುದು ವೈರಸ್‌ನಿಂದ. ಗಾಳಿ ಸೋಕಿದ ಮಾತ್ರಕ್ಕೆ ರೋಗ ಬರುವುದಿಲ್ಲ. ಆದರೆ ಆಸ್ತಮಾ ಇರುವವರಿಗೆ ಮಾರ್ಗಶಿರ, ಪುಷ್ಯ ಮಾಸಗಳ ತಣ್ಣನೆಯ ಗಾಳಿ ಶ್ವಾಸನಾಳಗಳನ್ನು ಬಿಗಿ ಮಾಡಬಲ್ಲದು.

ನಮ್ಮ ಭಾಗದಲ್ಲಿ ಧೂಳಿನ ಕಾಟವೂ ಇದೆ. ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಕಲ್ಲುಹುಡಿ ಮಾತ್ರ ದಿಬ್ಬ ದಿಬ್ಬವಾಗಿ ನಿಂತಿತು. ಜನರ ಬಾಯಲ್ಲಿ ಅದು ಸೈನೈಡ್ ದಿಬ್ಬ. ಗಾಳಿ ಜೋರಾದಾಗ ಆ ಹುಡಿ ಹಾರಿ ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ. ಅದರಲ್ಲಿ ಸಿಲಿಕಾ ಇರುತ್ತದೆ. ಗಣಿಯೊಳಗೆ ವರ್ಷಗಟ್ಟಲೆ ಇಂಥ ಧೂಳನ್ನು ಉಸಿರಾಡಿದವರ ಶ್ವಾಸಕೋಶ ಗಡುಸಾಗುವ ರೋಗವೇ ಸಿಲಿಕೋಸಿಸ್. ಒಮ್ಮೆ ಗಡುಸಾದ ಭಾಗ ಮತ್ತೆ ಮೊದಲಿನಂತಾಗುವುದಿಲ್ಲ. ಅಂಥ ಹಿರಿಯರು ಮನೆಯಲ್ಲಿದ್ದರೆ ಇನ್ನಷ್ಟು ಧೂಳು ಅವರ ಎದೆಗೆ ಸೇರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಹೊಸ ಬಾಗಿಲಲ್ಲಿ ಸಂದು ಏಕೆ?

* ಸರಿಯಾಗಿ ಒಣಗದ ಮರದಿಂದ ಮಾಡಿದ ಬಾಗಿಲು ಬೇಸಿಗೆಯಲ್ಲಿ ಕುಗ್ಗುತ್ತದೆ, ಸೊಟ್ಟಗಾಗುತ್ತದೆ.
* ಹಳೆಯ ಗೋಡೆಗೆ ಹೊಸ ಚೌಕಟ್ಟು ಕೂರಿಸುವಾಗ ಎರಡರ ನಡುವೆ ಗಾರೆ ಪೂರ್ತಿ ತುಂಬಿರುವುದಿಲ್ಲ.
* ನೆಲಕ್ಕೆ ಟೈಲ್ಸ್ ಹಾಕಿದ ಮೇಲೆ ಬಾಗಿಲು ತಾಗುತ್ತದೆಂದು ಕೆಳಭಾಗವನ್ನು ಹೆಚ್ಚಾಗಿ ಕೊಯ್ದಿರುತ್ತಾರೆ.
* ಹೊಸ್ತಿಲು ಇಡದೆ ಬಾಗಿಲು ಕೂರಿಸಿರುತ್ತಾರೆ. ಎತ್ತರದ ಹೊಸ್ತಿಲಿಗೆ ಒತ್ತಿ ನಿಲ್ಲುವ ಬಾಗಿಲಿನ ಕೆಳಗೆ ಗಾಳಿ ಅಷ್ಟು ಸುಲಭವಾಗಿ ನುಸುಳದು.

ಸಂದನ್ನು ಹುಡುಕುವುದು ಹೇಗೆ?

ರಾತ್ರಿ ಮನೆಯ ದೀಪ ಆರಿಸಿ. ಒಬ್ಬರು ಹೊರಗೆ ನಿಂತು ಬಾಗಿಲ ಅಂಚಿನುದ್ದಕ್ಕೂ ಟಾರ್ಚ್ ಬಿಡಲಿ. ಒಳಗೆ ಬೆಳಕು ಕಂಡ ಕಡೆಯಲ್ಲೆಲ್ಲ ಗಾಳಿಯೂ ಬರುತ್ತದೆ. ಊದುಬತ್ತಿಯ ಹೊಗೆ ವಾಲುವುದನ್ನು ನೋಡಿಯೂ ತಿಳಿಯಬಹುದು. ಆದರೆ ಉಬ್ಬಸದವರು ಇರುವ ಮನೆಯಲ್ಲಿ ಅದು ಬೇಡ.

ಸರಿಪಡಿಸುವುದು ಹೇಗೆ?

1. ಮೊದಲು ಹಿಂಜ್‌ಗಳ ಸ್ಕ್ರೂ ಬಿಗಿ ಮಾಡಿಸಿ. ಜೋತುಬಿದ್ದ ಬಾಗಿಲು ಇಷ್ಟರಿಂದಲೇ ಸರಿಹೋಗಬಹುದು. ಚಿಲಕ ಹಾಕಿದ ಮೇಲೂ ಬಾಗಿಲು ಅಲುಗಾಡಿದರೆ ಚಿಲಕದ ಜಾಗ ಸರಿಪಡಿಸಲು ಬಡಗಿಗೆ ಹೇಳಿ.
2. ಬಾಗಿಲು ಚೌಕಟ್ಟಿಗೆ ತಾಗುವ ಜಾಗವನ್ನು ಒರೆಸಿ, ಅಂಟಿರುವ ರಬ್ಬರ್ ಅಥವಾ ಫೋಮ್ ಪಟ್ಟಿ ಹಚ್ಚಿ.
3. ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ. ಖರ್ಚು ಬೇಡವೆಂದರೆ ಹಳೆಯ ಪಂಚೆಯನ್ನು ಉದ್ದನೆಯ ಚೀಲದಂತೆ ಹೊಲಿದು, ಒಣ ಮರಳು ತುಂಬಿ, ಮಲಗುವಾಗ ಅಡ್ಡ ಇಡಿ. ರಾತ್ರಿ ಏಳುವ ವೃದ್ಧರು ಎಡವದಂತೆ ಎಚ್ಚರವಿರಲಿ.
4. ಚೌಕಟ್ಟು ಮತ್ತು ಗೋಡೆಯ ನಡುವೆ ಬಿರುಕಿದ್ದರೆ ಸಡಿಲ ಗಾರೆ ಕೆರೆದು, ನೀರು ಚಿಮುಕಿಸಿ, ಹೊಸ ಗಾರೆ ತುಂಬಿಸಿ.

ಉಜ್ಜುವ, ಕೆರೆಯುವ, ಬಣ್ಣ ಬಳಿಯುವ ಕೆಲಸ ನಡೆಯುವಾಗ ರೋಗಿಯನ್ನು ಬೇರೆ ಕಡೆ ಇರಿಸಿ. ಆಮೇಲೆ ಒಣ ಪೊರಕೆ ಬಳಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಕಿಟಕಿ ಮುಚ್ಚಬೇಡಿ

ಬಾಗಿಲ ಸಂದು ಮುಚ್ಚಿದ ಮೇಲೆ ಕಿಟಕಿಯನ್ನೂ ಮುಚ್ಚಿ ಕೂರುವುದು ದೊಡ್ಡ ತಪ್ಪು. ಕ್ಷಯ ರೋಗಾಣು ಗಾಳಿಯಾಡದ ಕೋಣೆಯಲ್ಲಿ ಒಬ್ಬರಿಂದ ಒಬ್ಬರಿಗೆ ಬೇಗ ಹರಡುತ್ತದೆ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಸಂಭವ ಹೆಚ್ಚು. ಆದ್ದರಿಂದ ಗಾಳಿ ಬೀಸುವ ದಿಕ್ಕಿಗೆ ಇಲ್ಲದ ಕಿಟಕಿಯನ್ನು ತೆರೆದಿಡಿ. ಮಂಚವನ್ನು ಬಾಗಿಲಿನ ನೇರಕ್ಕೆ ಹಾಕಬೇಡಿ.

ಮುಖ್ಯವಾಗಿ ಬಾಣಂತಿಯ ಕೋಣೆಯ ವಿಷಯ. ಥಂಡಿಯಾಗುತ್ತದೆಂದು ಎಲ್ಲ ಸಂದುಗಳಿಗೂ ಬಟ್ಟೆ ತುರುಕಿ ಒಳಗೆ ಇದ್ದಿಲ ಕೆಂಡ ಇಡಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತಲೆಸುತ್ತು, ವಾಂತಿ ಅದರ ಲಕ್ಷಣಗಳು. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯದೆ ಪ್ರಾಣ ಹೋಗಬಹುದು. ತಾಯಿ, ಮಗುವಿಗೆ ಬೆಚ್ಚನೆಯ ಬಟ್ಟೆ, ಕಂಬಳಿ ಸಾಕು. ಮಗುವನ್ನು ತಾಯಿಯ ಎದೆಗೆ ಅಪ್ಪಿಸಿ ಮಲಗಿಸಿದರೆ ಅದೇ ಒಳ್ಳೆಯ ಶಾಖ. ಯಾರಿಗಾದರೂ ಇಂಥ ಲಕ್ಷಣ ಕಂಡರೆ ತಕ್ಷಣ ಬಾಗಿಲು, ಕಿಟಕಿ ತೆರೆದು ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೊರಡಿ.

ಯಾವಾಗ ವೈದ್ಯರಲ್ಲಿಗೆ ಬರಬೇಕು?

ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಕಫದಲ್ಲಿ ರಕ್ತ ಕಂಡರೆ, ಉಸಿರು ಸಾಲದೆ ಒಂದು ಮಾತು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ ಬೆಳಗಾಗುವವರೆಗೆ ಕಾಯಬೇಡಿ, ಆ ಕೂಡಲೇ ಕರೆತನ್ನಿ.

ಬಾಗಿಲು ರಿಪೇರಿ ಔಷಧಿಗೆ ಬದಲಲ್ಲ. ವೈದ್ಯರು ಕೊಟ್ಟ ಔಷಧಿ, ಇನ್‌ಹೇಲರ್ ನಿಲ್ಲಿಸಬೇಡಿ. ಇಂದು ಮನೆಗೆ ಹೋದವರು ರಾತ್ರಿ ಒಮ್ಮೆ ಟಾರ್ಚ್ ಹಿಡಿದು ಬಾಗಿಲು ನೋಡಿ.